ನರಸಂಧಿಯ ಅಂಟುಪ್ರೋಟೀನ್‌ಗಳು

ಒಂದು ನರಕೋಶವು ಮತ್ತೊಂದಕ್ಕೆ ಸಂಕೇತ ದಾಟಿಸುವ ಸ್ಥಳಕ್ಕೆ ನರಸಂಧಿ ಅಥವಾ ಸಿನಾಪ್ಸ್ ಎಂದು ಹೆಸರು. ಅಲ್ಲಿ ಎರಡು ಕೋಶಗಳ ಪೊರೆಗಳನ್ನು ಪರಸ್ಪರ ಹಿಡಿದಿಡುವ ಪ್ರೋಟೀನ್‌ಗಳೇ ನರಸಂಧಿಯ ಅಂಟುಪ್ರೋಟೀನ್‌ಗಳು. ಸಂಧಿಯ ಕೆಲಸಕ್ಕೆ ಬೇಕಾದ ಅಂಗಭಾಗಗಳನ್ನು ತಕ್ಕ ಸ್ಥಳದಲ್ಲಿ ಜೋಡಿಸುವುದರಲ್ಲಿಯೂ ಇವುಗಳ ಪಾತ್ರ ಮುಖ್ಯವಾದುದು.

ಎರಡು ಬಗೆಯ ಸಂಧಿಗಳು

ಉದ್ರೇಕಕ ಸಂಧಿಯಲ್ಲಿ ಸಾಮಾನ್ಯವಾಗಿ ಗ್ಲುಟಮೇಟ್ ಎಂಬ ರಾಸಾಯನಿಕವು ಬಿಡುಗಡೆಯಾಗಿ ಮುಂದಿನ ಕೋಶವನ್ನು ಪ್ರಚೋದಿಸುತ್ತದೆ. ಪ್ರತಿಬಂಧಕ ಸಂಧಿಯಲ್ಲಿ ಗಾಬಾ ಎಂಬುದು ಬಿಡುಗಡೆಯಾಗಿ ಅದನ್ನು ತಡೆಯುತ್ತದೆ. ಇವೆರಡರ ಸಮತೋಲನವು ಮಿದುಳಿಗೆ ಅತ್ಯಗತ್ಯ. ಪ್ರತಿಬಂಧವು ಕುಗ್ಗಿದರೆ ಮೂರ್ಛೆರೋಗದಂತಹ ತೊಂದರೆಗಳು ಉಂಟಾಗಬಹುದು.

ನ್ಯೂರೆಕ್ಸಿನ್ ಮತ್ತು ನ್ಯೂರೋಲಿಗಿನ್

ಎರಡು ಕೋಶಗಳ ನಡುವಿನ ಬಿರುಕು ಸುಮಾರು 20 ನ್ಯಾನೋಮೀಟರ್ ಅಗಲವಾಗಿರುತ್ತದೆ. ಸಂಕೇತ ಕಳುಹಿಸುವ ಕೋಶದಿಂದ ನ್ಯೂರೆಕ್ಸಿನ್, ಪಡೆಯುವ ಕೋಶದಿಂದ ನ್ಯೂರೋಲಿಗಿನ್ ಚಾಚಿಕೊಂಡು, ಚಿಲಕವು ಕೊಂಡಿಗೆ ಸಿಕ್ಕುವಂತೆ ಈ ಬಿರುಕಿನಲ್ಲಿ ಕೂಡುತ್ತವೆ. ಬ್ಲ್ಯಾಕ್ ವಿಡೋ ಎಂಬ ಜೇಡದ ವಿಷವು ನರಕೋಶದ ಯಾವ ಭಾಗಕ್ಕೆ ಅಂಟುತ್ತದೆ ಎಂಬುದನ್ನು ಹುಡುಕುವಾಗ, 1992ರಲ್ಲಿ ಥಾಮಸ್ ಸ್ಯೂಡ್‌ಹೋಫ್ ಅವರ ಪ್ರಯೋಗಾಲಯವು ನ್ಯೂರೆಕ್ಸಿನ್ ಅನ್ನು ಗುರುತಿಸಿತು. 1995ರಲ್ಲಿ ಅದರ ಜೊತೆಗಾರನಾದ ನ್ಯೂರೋಲಿಗಿನ್ ಪತ್ತೆಯಾಯಿತು.

ಮಾನವನಲ್ಲಿ ನ್ಯೂರೆಕ್ಸಿನ್‌ಗೆ 3, ನ್ಯೂರೋಲಿಗಿನ್‌ಗೆ 5 ವಂಶವಾಹಿಗಳಿವೆ. ನ್ಯೂರೋಲಿಗಿನ್-1 ಮುಖ್ಯವಾಗಿ ಉದ್ರೇಕಕ ಸಂಧಿಯಲ್ಲಿದ್ದು, ಕೋಶದ ಒಳಗೆ ಪಿಎಸ್‌ಡಿ-95 ಎಂಬ ಆಧಾರ ಪ್ರೋಟೀನ್‌ನೊಂದಿಗೆ ಕೂಡಿಕೊಳ್ಳುತ್ತದೆ. ನ್ಯೂರೋಲಿಗಿನ್-2 ಪ್ರತಿಬಂಧಕ ಸಂಧಿಯಲ್ಲಿದ್ದು, ಜೆಫಿರಿನ್ ಎಂಬ ಪ್ರೋಟೀನ್‌ನ ನೆರವಿನಿಂದ ಗಾಬಾ ಗ್ರಾಹಕಗಳು ಅಲ್ಲಿ ನೆಲೆಗೊಳ್ಳುವಂತೆ ಮಾಡುತ್ತದೆ. ಜೆಫಿರಿನ್ ಎಂಬ ಹೆಸರು ಸೇತುವೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ನ್ಯೂರೋಲಿಗಿನ್-3 ಎರಡೂ ಬಗೆಯ ಸಂಧಿಗಳಲ್ಲಿ ಕಂಡುಬರುತ್ತದೆ.

ಪ್ರಯೋಗಗಳು

ನರಕೋಶವಲ್ಲದ ಕೋಶದ ಮೇಲೆ ನ್ಯೂರೋಲಿಗಿನ್ ಇರುವಂತೆ ಮಾಡಿದಾಗ, ಅದನ್ನು ಮುಟ್ಟಿದ ನರತಂತುವು ಅಲ್ಲಿ ಸಂಕೇತ ಕಳುಹಿಸುವ ತುದಿಯನ್ನು ರೂಪಿಸಿತೆಂದು 2000ದಲ್ಲಿ ತಿಳಿದುಬಂದಿತು. ಹಾಗಾದರೆ ಈ ಪ್ರೋಟೀನ್ ಇಲ್ಲದೆ ಸಂಧಿಗಳೇ ಹುಟ್ಟಲಾರವೆ? ಇದಕ್ಕೆ ಉತ್ತರ 2006ರಲ್ಲಿ ದೊರೆಯಿತು. ಮೂರೂ ಮುಖ್ಯ ನ್ಯೂರೋಲಿಗಿನ್‌ಗಳಿಲ್ಲದ ಇಲಿಮರಿಗಳು ಹುಟ್ಟಿದ ಸ್ವಲ್ಪ ಸಮಯದಲ್ಲೇ ಉಸಿರಾಟ ವಿಫಲವಾಗಿ ಸತ್ತವು. ಆದರೆ ಅವುಗಳ ಮಿದುಳಿನಲ್ಲಿ ಸಂಧಿಗಳ ಸಂಖ್ಯೆ ಹೆಚ್ಚುಕಡಿಮೆ ಸಹಜವಾಗಿಯೇ ಇತ್ತು. ಕೆಟ್ಟಿದ್ದು ಅವುಗಳ ಕಾರ್ಯ. ಸಂಧಿಯ ಹುಟ್ಟಿಗಿಂತ ಅದರ ಪಕ್ವತೆಗೆ ನ್ಯೂರೋಲಿಗಿನ್ ಅನಿವಾರ್ಯ ಎಂಬುದು ಇದರಿಂದ ಸ್ಪಷ್ಟವಾಯಿತು.

ಆಟಿಸಂನೊಂದಿಗೆ ಸಂಬಂಧ

ಆಟಿಸಂ ಇರುವ ಕೆಲವು ಸ್ವೀಡಿಷ್ ಸಹೋದರರಲ್ಲಿ ನ್ಯೂರೋಲಿಗಿನ್-3 ಮತ್ತು 4ರ ವಂಶವಾಹಿಗಳು ಬದಲಾಗಿರುವುದು 2003ರಲ್ಲಿ ವರದಿಯಾಯಿತು. ನ್ಯೂರೋಲಿಗಿನ್-3ರಲ್ಲಿ ಬದಲಾದುದು 451ನೆಯ ಅಮೈನೋ ಆಮ್ಲವೊಂದೇ. ಅದೇ ಬದಲಾವಣೆಯನ್ನು ಇಲಿಗಳಲ್ಲಿ ಉಂಟುಮಾಡಿದಾಗ, ಮಿದುಳಿನ ಹೊರಪದರದಲ್ಲಿ ಪ್ರತಿಬಂಧಕ ಸಂಕೇತಗಳು ಹೆಚ್ಚಾದುದು 2007ರಲ್ಲಿ ಕಂಡುಬಂದಿತು.

ಇಂತಹ ಬದಲಾವಣೆಗಳು ಆಟಿಸಂ ಇರುವವರಲ್ಲಿ ತೀರ ಕೆಲವರಲ್ಲಿ ಮಾತ್ರ ಕಾಣುತ್ತವೆ. ಬಹುಪಾಲು ಜನರಲ್ಲಿ ಅನೇಕ ವಂಶವಾಹಿಗಳು ಮತ್ತು ಇತರ ಅಂಶಗಳು ಸೇರಿ ಪ್ರಭಾವ ಬೀರುತ್ತವೆ. ಆದರೂ ಆಟಿಸಂನ ಬೇರು ಮಿದುಳಿನ ಬೆಳವಣಿಗೆಯಲ್ಲಿದೆ, ತಾಯಿತಂದೆಯರು ಮಗುವನ್ನು ಸಾಕಿದ ರೀತಿಯಲ್ಲಿಲ್ಲ ಎಂಬ ತಿಳಿವಳಿಕೆಯನ್ನು ಈ ಸಂಶೋಧನೆಗಳು ಬಲಪಡಿಸಿವೆ.