ಅವಳಿ ಹೆರಿಗೆ ಮತ್ತು ಬೆಳಗಾವಿಯ ಅಳತೆ ಚೀಲ

ಯಲ್ದೂರಿನ ಓದುಗರೊಬ್ಬರು ಕೇಳಿದ್ದಾರೆ: "ಸೊಸೆಗೆ ಅವಳಿ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ. ನಮ್ಮತ್ತೆ ಅವಳಿ ಮಕ್ಕಳನ್ನು ಮನೆಯಲ್ಲೇ ಹೆತ್ತರು, ಮಂತ್ರಸಾನಿ (ಸೂಲಗಿತ್ತಿ) ಬಂದಿದ್ದಳಂತೆ. ಈಗ ಅವಳಿ ಅಂದರೆ ಆಪರೇಷನ್ ಆಗಲೇಬೇಕಾ?"

ಆಗಲೇಬೇಕೆಂದಿಲ್ಲ. 25 ದೇಶಗಳ 2,804 ಅವಳಿ ಬಸುರಿಯರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮೊದಲ ಮಗುವಿನ ತಲೆ ಕೆಳಗಿದ್ದರೆ, ಮೊದಲೇ ನಿಶ್ಚಯಿಸಿದ ಸಿಜೇರಿಯನ್ನಿನಿಂದ ಮಕ್ಕಳಿಗೆ ಹೆಚ್ಚಿನ ರಕ್ಷಣೆಯೇನೂ ಸಿಗಲಿಲ್ಲ. ಹಾಗೆಂದು ಮನೆಯಲ್ಲಿ ಹೆರಬಹುದು ಎಂದಲ್ಲ. ಸಹಜ ಹೆರಿಗೆಗೆಂದು ಹೊರಟವರಲ್ಲೂ ಶೇ 40ಕ್ಕಿಂತ ಹೆಚ್ಚು ಮಂದಿಗೆ ಕೊನೆಗೆ ಸಿಜೇರಿಯನ್ ಆಯಿತು. ಮೊದಲನೆಯದು ಹೊರಬಂದ ಮೇಲೆ ಜಾಗ ಸಿಕ್ಕಿ ಎರಡನೆಯದು ಅಡ್ಡ ತಿರುಗಬಹುದು. ಎರಡಕ್ಕೂ ಒಂದೇ ನೀರಿನ ಚೀಲವಿದ್ದರಂತೂ ಸಿಜೇರಿಯನ್ನೇ ಸರಿ.

ಆದರೆ ನನ್ನನ್ನು ಕಾಡುವುದು ಎರಡೂ ಮಕ್ಕಳು ಅತ್ತ ಮೇಲಿನ ಹೊತ್ತು. ಮನೆಯವರೆಲ್ಲ ಮಕ್ಕಳತ್ತ ತಿರುಗಿರುತ್ತಾರೆ, ತಾಯಿಯ ಗಂಡಾಂತರ ಆಗಲೇ ಶುರು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತದೆ. ಮಾಸು ಕಳಚಿದಾಗ ಅಷ್ಟೂ ನಾಳಗಳ ಬಾಯಿ ತೆರೆದಿರುತ್ತದೆ. ಅವನ್ನು ಮುಚ್ಚುವುದು ಅವುಗಳ ಸುತ್ತ ಹೆಣೆದುಕೊಂಡ ಸ್ನಾಯುಗಳ ಬಿಗಿತ. ಎರಡು ಮಕ್ಕಳನ್ನು ಹೊತ್ತು ಹಿಗ್ಗಿದ ಗರ್ಭಕೋಶ ಅಷ್ಟು ಬೇಗ ಬಿಗಿಯುವುದಿಲ್ಲ.

ಎಷ್ಟು ರಕ್ತ ಹೋಯಿತೆಂದು ತಿಳಿಯುವುದು ಹೇಗೆ? ನಮ್ಮ ಕೋಲಾರ ಹಾಲಿನ ಸೀಮೆ. ಡೇರಿಗೆ ಹಾಲು ಹಾಕುವವರು ಯಾರೂ "ಮೂರು ಲೀಟರ್ ಇದ್ದೀತು" ಎಂಬ ಕಣ್ಣಂದಾಜನ್ನು ಒಪ್ಪುವುದಿಲ್ಲ, ಅಳೆಯಲೇಬೇಕು. ಹೆರಿಗೆ ಕೋಣೆಯಲ್ಲಿ ಮಾತ್ರ ಬಟ್ಟೆ ನೆನೆದದ್ದನ್ನು ನೋಡಿ ಅಂದಾಜು ಮಾಡುವುದೇ ಲೋಕರೂಢಿ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ ಗೌಡರ್ ಮತ್ತು ಅಮೆರಿಕದ ಸಂಗಾತಿಗಳು ಆ ಜಿಲ್ಲೆಯ ಹಳ್ಳಿಗಳ 1,620 ಹೆರಿಗೆಗಳನ್ನು ಅಧ್ಯಯನ ಮಾಡಿದರು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಮಿಲಿಲೀಟರ್ ಗೆರೆಗಳ ಚೀಲ: ಇದು ಆ ಅಧ್ಯಯನಕ್ಕೆಂದೇ ರೂಪಿಸಿದ ಸಾಧನ. ಹೋಲಿಸಿ ನೋಡಿದಾಗ ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ತೋರಿಸುತ್ತಿತ್ತು. ಇಲ್ಲಿ ಹೆರಿಗೆ ಮಾಡಿಸಿದವರು ಡಾಕ್ಟರರಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರ್‌ಗಳು. ಗರ್ಭಕೋಶ ಬಿಗಿಯಲೆಂದು ಅವರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ಫ್ರಿಜ್ ಬೇಡದ ಔಷಧಿ. ಅದರಿಂದ ಅತಿರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾತ್ರೆಯ ಈ ಬಳಕೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅಂಥದೇ ಗೆರೆ ಚೀಲವನ್ನು ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳು ಬಳಸಿ, ರಕ್ತ ಗೆರೆ ಮುಟ್ಟುತ್ತಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಆರಂಭಿಸಿದವು. ತೀವ್ರ ರಕ್ತಸ್ರಾವದ ಅನಾಹುತ ಶೇ 60ರಷ್ಟು ತಗ್ಗಿತೆಂದು 2023ರಲ್ಲಿ ವರದಿಯಾಯಿತು.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಬಹಳ ಸಂತೋಷವಾಗಿತ್ತು. ಆ ಕೈಗಳ ಅನುಭವ ದೊಡ್ಡದು. ಆದರೆ ಬಾಟಲಿ ರಕ್ತ ಕೊಡುವುದು ಯಾವ ಕೈಗೂ ಸಾಧ್ಯವಿರಲಿಲ್ಲ.

ಆದ್ದರಿಂದ ಸೊಸೆಯನ್ನು ಈಗಲೇ ದೊಡ್ಡ ಆಸ್ಪತ್ರೆಗೆ ತೋರಿಸಿ, ತಾಯಿ ಕಾರ್ಡ್ ಜೊತೆಗಿರಲಿ. ಮೊದಲ ಮಗುವಿನ ತಲೆ ಎಲ್ಲಿದೆ, ನೀರಿನ ಚೀಲ ಒಂದೋ ಎರಡೋ, ರಾತ್ರಿ ಹೊತ್ತೂ ರಕ್ತ ಸಿಗುತ್ತದೆಯೇ ಎಂದು ಕೇಳಿ. ಹೆರಿಗೆ ಕೋಣೆಯಲ್ಲಿ ಗೆರೆಯ ಚೀಲ ಇದೆಯೇ ಎಂದೂ ಕೇಳಿ.