ಬ್ಯಾಂಜೋ ಕೇಳ್ತಾ ನೆನಪಾದ ನಮ್ಮೂರ ತಮಟೆ

ಆಫೀಸ್ ಕ್ಯಾಬ್‌ನಲ್ಲಿ ನಾನು ಕೇಳೋದು ಬ್ಲೂಗ್ರಾಸ್. ಅಮೆರಿಕದ ಕೆಂಟಕಿಯ ಬಿಲ್ ಮನ್ರೋ ಕಟ್ಟಿದ 'ಬ್ಲೂ ಗ್ರಾಸ್ ಬಾಯ್ಸ್' ತಂಡದಿಂದ ಆ ಸಂಗೀತಕ್ಕೆ ಹೆಸರು ಬಂತು. ಅದರಲ್ಲಿ ಎದ್ದು ಕೇಳಿಸೋ ಬ್ಯಾಂಜೋ ಮೂಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದ ಜನರ ವಾದ್ಯ. ಮೊದಲೆಲ್ಲ ಅದಕ್ಕೆ ಚರ್ಮವನ್ನೇ ಬಿಗಿಯುತ್ತಿದ್ದರು. ಇದನ್ನು ಓದಿ ಖುಷಿಪಟ್ಟ ದಿನವೇ ಸ್ವಲ್ಪ ನಾಚಿಕೆಯೂ ಆಯ್ತು.

ಯಾಕಂದ್ರೆ ಚರ್ಮದ ವಾದ್ಯ ನಮ್ಮ ಶಿಡ್ಲಘಟ್ಟದ ಕಡೆಯೂ ಇದೆ. ಅದೇ ತಮಟೆ. ಬೆಂಕಿಗೆ ಹಿಡಿದು ಕಾಯಿಸಿ, ಎರಡು ಕಡ್ಡಿಯಲ್ಲಿ ಬಾರಿಸ್ತಾರೆ. ಜಾತ್ರೆಗೂ ತಮಟೆ, ಸಾವಿಗೂ ತಮಟೆ. ಚಿಕ್ಕವನಿದ್ದಾಗ ಅದರ ಸದ್ದಿಗೆ ಕುಣಿದಿದ್ದೇನೆ. ಬಾರಿಸಿದವರು ಊಟಕ್ಕೆ ಎಲ್ಲಿ ಕೂತರು ಅಂತ ಮಾತ್ರ ಒಮ್ಮೆಯೂ ನೋಡಲಿಲ್ಲ.

ಇದೇ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ದಶಕಗಳ ಕಾಲ ತಮಟೆ ಬಾರಿಸಿದವರು, ಬೇರೆಯವರಿಗೂ ಕಲಿಸಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2023ರಲ್ಲಿ ಪದ್ಮಶ್ರೀಯೂ ಬಂತು. ಆ ಸುದ್ದಿಯನ್ನು ನಾವೆಲ್ಲ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡೆವು.

ಈ ಸಲ ಜಾತ್ರೆಗೆ ಹುಡುಗರು ಡಿಜೆ ಕರೆಸೋಣ ಅಂದ್ರು. ನಾನು ಮೂರು ಮಾತು ಹೇಳಿದೆ: ತಮಟೆ ತಂಡ ಕರೆಸೋಣ, ಡಿಜೆಗೆ ಕೊಡುವಷ್ಟೇ ದುಡ್ಡು ಕೊಡೋಣ, ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರಿಸೋಣ.

ಮೊದಲ ಎರಡಕ್ಕೆ ಎಲ್ಲರೂ ಹೂಂ ಅಂದ್ರು. ಮೂರನೆಯದಕ್ಕೆ ಹಿರಿಯರು ಕೆಲವರು ಸುಮ್ಮನಾದರು. ನಮ್ಮಪ್ಪ ಕೂಡ. ಆದರೂ ಆ ಮಾತನ್ನು ನಾನು ವಾಪಸ್ ತಗೊಂಡಿಲ್ಲ.

ನಿಮ್ಮೂರಲ್ಲಿ ತಮಟೆಯವರು ಊಟಕ್ಕೆ ಎಲ್ಲಿ ಕೂರ್ತಾರೆ? ಈ ಸಲ ಊರಿಗೆ ಹೋದಾಗ ಒಮ್ಮೆ ನೋಡಿ.