ಲಿಫ್ಟು, ತಂತಿ ಮತ್ತು ಪರವಾನಗಿ

ಹೆಗ್ಗೋಡಿನ ಅಡಿಕೆ ತೋಟಗಳ ನಡುವೆ ಲಿಫ್ಟಿನ ಮೆಕ್ಯಾನಿಕನನ್ನು ಅರಸಹೊರಟರೆ ನಾವು ನಗೆಗೀಡಾದೇವು. ಆದರೆ ಪಂಪಿಗೆ ತಂತಿ ಜೋಡಿಸುವ ವೈರ್‌ಮನ್ ಅಲ್ಲಿ ಪರಿಚಿತನೇ. ಅಪಾಯದ ಕೆಲಸಕ್ಕೆ ಹೊಣೆ ಯಾರದೆಂಬ ಪ್ರಶ್ನೆ ಇಬ್ಬರಿಗೂ ಸಮಾನವಾದುದು.

1939ರ ಮುಂಬಯಿ ಲಿಫ್ಟು ಕಾಯಿದೆಯು ಕಟ್ಟಡದ ಮಾಲಿಕನನ್ನು ಹಿಡಿಯಿತು. ಲಿಫ್ಟನ್ನು ಸ್ಥಾಪಿಸಲು ಅನುಮತಿ, ನಡೆಸಲು ಲೈಸೆನ್ಸು ಎರಡನ್ನೂ ಅವನೇ ಪಡೆಯಬೇಕಾಗಿತ್ತು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಾವಳಿಯ 45ನೆಯ ನಿಯಮವಾದರೋ ಕೆಲಸ ಮಾಡುವ ಕೈಯನ್ನೂ ಬಿಡಲಿಲ್ಲ: ಕಂಟ್ರಾಕ್ಟರನಿಗೆ ಲೈಸೆನ್ಸು, ಮೇಲ್ವಿಚಾರಕನಿಗೆ ಅರ್ಹತಾಪತ್ರ, ಕೆಲಸಗಾರನಿಗೆ ಪರ್ಮಿಟ್ಟು. ಇವುಗಳಲ್ಲಿ ಒಂದು ಮತ್ತೊಂದಕ್ಕೆ ಬದಲಾಗದು. ಜನರು ಮರೆಯುವುದು ಮೂರನೆಯದನ್ನೇ ಎಂದು ನಮಗೆ ತೋರುತ್ತದೆ. ದೀಪ, ಫ್ಯೂಸು ಬದಲಾಯಿಸುವಂತಹ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿಯಿತ್ತು. ಆ ನಿಯಮಾವಳಿ ಈಗಿಲ್ಲ. ಅದರ ಸ್ಥಾನದಲ್ಲಿರುವ 2023ರ ಸುರಕ್ಷತಾ ವಿಧಿಗಳಲ್ಲಿಯೂ ಮೂರು ಪತ್ರಗಳ ಕ್ರಮ ಉಳಿದಿದೆ.